ಎಲೆ ತರಿದ ಬಳ್ಳಿ

ಗಾಳೆಪ್ಪ ಗುಡ್ಡದಲ್ಲಿ ಬಳ್ಳಿ ಕಿತ್ತರೆ ಅಲ್ಲೇ ಬಂಡೆಯ ಮೇಲೆ ಕೂತು ಎಲೆ, ಹೂವು ಎಲ್ಲ ತರಿದುಹಾಕುತ್ತಿದ್ದ. ಊರೊಳಗೆ ಬರುವುದು ಬೋಳು ಕಡ್ಡಿ ಮಾತ್ರ. ಮನೆಯಲ್ಲಿ ಅದನ್ನು ಒಣಗಿಸಿ, ಕುಟ್ಟಿ, ಒಂದಿಷ್ಟು ಎಕ್ಕಿ ಗಿಡದ ಬೇರಿನ ಪುಡಿ ಬೆರೆಸುತ್ತಿದ್ದ. ಬಣ್ಣ, ವಾಸನೆ ಬದಲಾಗಲಿ, ಯಾರಿಗೂ ಗುರುತು ಸಿಗದಿರಲಿ ಎಂದು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ, ಅಜ್ಜನೂ. ಯಲಬುರ್ಗಾ ಸೀಮೆಯ ಮಂಗಳೂರು ಎಂಬ ಹಳ್ಳಿಯಲ್ಲಿ ಗಂಟಿಗೆ, ಗಡ್ಡೆಗೆ ಔಷಧಿ ಎಂದರೆ ಗಾಳೆಪ್ಪನ ಮನೆ. ಕುಷ್ಟಗಿಯಿಂದಲೂ ಜನ ಬರುತ್ತಿದ್ದರು. ಬಂದವರಿಂದ ಒಂದು ತೆಂಗಿನಕಾಯಿ ಬಿಟ್ಟು ಬೇರೇನೂ ಅವನು ಮುಟ್ಟುತ್ತಿರಲಿಲ್ಲ. ಅವನ ಆಸ್ತಿಯೆಲ್ಲ ಆ ಗುಟ್ಟಿನಲ್ಲೇ ಇತ್ತು.

ಹಾಗಾಗಿ ಗಿಣಿಗೇರಾದ ಹಸೀಬಾ ಹೊಸ್ತಿಲಿಗೆ ಬಂದು, "ಕಾಕಾ, ನಾ ಸಂಶೋಧನಾ ಮಾಡಾಕತ್ತೇನ್ರಿ. ಕ್ಯಾನ್ಸರ್ ಕಣ ಅಷ್ಟ ಕೊಲ್ಲಬೇಕು, ಛಲೋ ಕಣ ಮುಟ್ಟಬಾರದು, ಅಂಥಾ ಗಿಡ ಹುಡುಕಾಕತ್ತೇನಿ" ಎಂದಾಗ ಅವನ ಕಣ್ಣು ಹೋದದ್ದು ಅವಳ ಹೆಗಲ ಚೀಲದ ಮೇಲೆ.

"ನಿಮ್ಮಪ್ಪ ಏನ್ ಮಾಡ್ತಾನ?"

"ಕಾರ್ಖಾನಿಯಾಗ ಅದಾರ್ರಿ."

"ಔಷಧಿ ಕಾರ್ಖಾನಿ?"

"ಕಬ್ಬಿಣದ್ದು ಕಾಕಾ!" ಅವಳು ನಕ್ಕಳು. ಗಾಳೆಪ್ಪ ನಗಲಿಲ್ಲ. ಬೆರಕೆ ಪುಡಿ ಒಂದು ಹಿಡಿ ಕೊಟ್ಟು ಕಳಿಸಿದ. ಪುಡಿಯಿಂದ ಯಾರೂ ಏನೂ ತಿಳಿಯಲಾರರು ಎಂಬ ಧೈರ್ಯ ಅವನದು.

ನಾಲ್ಕು ತಿಂಗಳಾದ ಮೇಲೆ ಅವಳು ಮತ್ತೆ ಬಂದಳು. ಗಾಳೆಪ್ಪನ ಅಕ್ಕ ಮುದುಕವ್ವ ಕಟ್ಟೆಯ ಮೇಲೆ ಕೂತಿದ್ದಳು. ಎದೆಯಲ್ಲಿ ಗಂಟು, ಎರಡು ತಿಂಗಳಿಂದ ತಮ್ಮನ ಪುಡಿ ನುಂಗುತ್ತಿದ್ದಳು. ತಿಂದದ್ದೆಲ್ಲ ವಾಂತಿಯಾಗಿ ಮೈ ಅರ್ಧವಾಗಿತ್ತು. "ರೋಗ ಹೊರಗ ಬರಾಕತ್ತೈತಿ" ಎಂದು ಅವನು ಸಮಾಧಾನ ಹೇಳಿದ್ದ. ಬಂದವರಿಗೆಲ್ಲ ಹೇಳುತ್ತಿದ್ದ ಮಾತು ಅದು.

"ಕಾಕಾ, ಆ ಪುಡಿಯಾಗ ಎರಡು ಗಿಡ ಅದಾವೇನ್ರಿ?"

ಗಾಳೆಪ್ಪನ ಮೈ ಉರಿಯಿತು. "ಯಾರನ್ನ ಗುಡ್ಡಕ್ಕ ಕಳಿಸಿದ್ದಿ?"

"ಯಾರೂ ಹೋಗಿಲ್ರಿ. ಮೈಕ್ರೋಸ್ಕೋಪಿನಾಗ ಎರಡು ನಮೂನಿ ನಾರು ಕಂಡ್ವು." ಅವಳು ದನಿ ತಗ್ಗಿಸಿದಳು. "ಲ್ಯಾಬಿನಾಗ ಗಾಜಿನ ತಟ್ಟಿಯೊಳಗ ಕ್ಯಾನ್ಸರ್ ಕಣ ಸತ್ವು."

"ಕೇಳಿದೇನೋ ಗಾಳ್ಯಾ!" ಮುದುಕವ್ವನ ಮುಖ ಅರಳಿತು.

"ಬಾಜೂ ತಟ್ಟಿಯಾಗಿನ ಛಲೋ ಕಣಾನೂ ಸತ್ವು ಅಮ್ಮಾ. ಒಂದೂ ಉಳೀಲಿಲ್ಲ."

ಹೆದರಿಸಿ ಬಳ್ಳಿಯ ಹೆಸರು ಬಿಡಿಸುವ ಉಪಾಯ ಇದು ಎಂದು ಗಾಳೆಪ್ಪ ಅಂದುಕೊಂಡ. ಅವನೂ ಅವಳನ್ನು ಪರೀಕ್ಷಿಸಿದ. "ಎರಡ್ರಾಗ ಕೆಟ್ಟದ್ದು ಯಾವ್ದು? ನೀನ ಹೇಳವಾ."

"ನನಗ ಗೊತ್ತಿಲ್ರಿ. ಬ್ಯಾರೆ ಬ್ಯಾರೆ ಕೊಟ್ರ ನೋಡಬಹುದು. ಆವಾಗೂ ಮನಶ್ಯಾರಿಗೆ ಉಪಯೋಗ ಅಂತ ಹೇಳಾಕಾಗಲ್ಲ. ತಟ್ಟಿ ಬ್ಯಾರೆ, ಮೈ ಬ್ಯಾರೆ."

ಕದಿಯಲು ಬಂದವಳು ಔಷಧಿಯನ್ನು ಹೊಗಳಬೇಕಿತ್ತು. ಇವಳು ಗೊತ್ತಿಲ್ಲ ಎನ್ನುತ್ತಾಳೆ. ಗಾಳೆಪ್ಪನಿಗೆ ಬೆರಳ ತುದಿಯಿಂದ ಎಕ್ಕಿ ಬೇರಿನ ಕಹಿ ವಾಸನೆ ಮೂಗಿಗೆ ಬಡಿಯಿತು. ಎಕ್ಕಿ ಹಾಲು ಕಣ್ಣಿಗೆ ಬಿದ್ದೀತೆಂದು ಮೊಮ್ಮಕ್ಕಳನ್ನು ಗದರಿಸಿ ಓಡಿಸುತ್ತಿದ್ದವನು ಅವನೇ. ರೋಗಕ್ಕೆ ಆ ಬೇರು ಬೇಕಿರಲಿಲ್ಲ. ಗುಟ್ಟಿಗೆ ಬೇಕಿತ್ತು.

"ಈ ವಾರದ ಪುಡಿ ಪೊಟ್ಣ ಕೊಡೋ," ಮುದುಕವ್ವ ಅಂಗೈ ಚಾಚಿದಳು.

"ಇಲ್ಲಕ್ಕಾ."

"ಯಾಕ, ತೀರೈತೇನು?"

"ಕೊಪ್ಪಳದ ದವಾಖಾನಿಗೆ ಹೋಗೋಣು. ನಾನೂ ಬರ್ತೀನಿ."

ಮುದುಕವ್ವ ಅವನನ್ನೇ ದಿಟ್ಟಿಸಿದಳು. "ನನಗ ಏನ್ ತಿನ್ನಿಸಿದ್ಯೋ ತಮ್ಮಾ?"

ಗಾಳೆಪ್ಪ ಎದ್ದ. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತು ಇತ್ತು. ಗುಡ್ಡ ಹತ್ತಿದ. ಇಳಿದು ಬರುವಾಗ ಕೈಯಲ್ಲಿ ಎಲೆ, ಹೂವು ಸಮೇತ ಬಳ್ಳಿ ತೂಗಾಡುತ್ತಿತ್ತು. ಚಾದಂಗಡಿಯ ಮಂದಿ ಎದ್ದು ನಿಂತು ನೋಡಿದರು. ಹಸೀಬಾಳ ಕೈಗೆ ಬಳ್ಳಿಯನ್ನೂ, ಬೇರೆ ಕಾಗದದಲ್ಲಿ ಸುತ್ತಿದ ಎಕ್ಕಿ ಬೇರನ್ನೂ ಇಟ್ಟ.

"ನಿನ್ನ ಮ್ಯಾಲ ನನಗಿನ್ನೂ ನಂಬಿಗಿಲ್ಲವಾ."

"ಇರ್ಲಿ ಕಾಕಾ. ಬಸ್ಸು ಬಂತು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಕಣ್ಣು ಹಸೀಬಾಳ ಚೀಲದ ಮೇಲೇ ಇತ್ತು. ಪಕ್ಕದಲ್ಲಿ ಮುದುಕವ್ವ ಯಾವಾಗ ನಿದ್ದೆ ಹೋಗಿ ತನ್ನ ಹೆಗಲಿಗೆ ಒರಗಿದಳೋ ಅವನಿಗೆ ತಿಳಿಯಲೇ ಇಲ್ಲ. ಅಷ್ಟು ಹಗುರವಾಗಿದ್ದಳು.