ಸೋದರಮಾವನ ತೊಡೆ

ಸುಮಿತ್ರಕ್ಕ ಹೊಸಬರ ಹೆಸರನ್ನು ಮೊದಲು ಕೇಳುತ್ತಿರಲಿಲ್ಲ. ‘ನಿಮ್ಮ ಸ್ವಾದರಮಾವ ಎಲ್ಲಿರ್ತಾರ್ರಿ?’ ಎಂದೇ ಶುರು. ನಮ್ಮೂರು ಹಾರೂಗೇರಿಯ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವಳಿಗೂ ಅದೇ, ಕಂಡಕ್ಟರನಿಗೂ ಅದೇ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಧಾರವಾಡದಿಂದ ಸಂಶೋಧನೆಗೆಂದು ಬಂದು, ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಅಪ್ಪ ಜೇಲಿಗೆ ಹೋದರೆ ಮಕ್ಕಳನ್ನು ಬಳಗದಲ್ಲಿ ಯಾರು ಹಿಡಿಯುತ್ತಾರೆ, ಯಾರು ಕೈಬಿಡುತ್ತಾರೆ ಎಂಬುದು ಅವರ ವಿಷಯ.

‘ಮಂದಿ ಮಾವಂದಿರ್ನ ಹುಡುಕ್ಕೋತ ತಿರಗತೀಯಲ್ಲಬೇ, ನಿನಗೊಬ್ಬ ಗಂಡನ್ನ ಯಾವಾಗ ಹುಡುಕ್ತಿ?’ ಎಂದು ನಮ್ಮವ್ವ ಕಾಡುತ್ತಿದ್ದಳು.

‘ಅವನ ಸ್ವಾದರಮಾವನೂ ಛಲೋ ಇರಬೇಕಲ್ಲ ಯವ್ವಾ, ಅಂಥಾವ ಸಿಕ್ಕಿಲ್ಲ’ ಎಂದು ನಕ್ಕು, ಚಹಾದ ಕಪ್ಪು ಕೈಯಲ್ಲಿರುವಾಗಲೇ ಗೋಡೆಗೊರಗಿ ನಿದ್ದೆ ಹೋಗುವರು. ಬಸ್ಸಿನ ದಣಿವಿಗಿಂತ ಕೇಳಿಸಿಕೊಂಡದ್ದರ ದಣಿವೇ ಹೆಚ್ಚು.

ಕೇಳಬೇಕು, ಕೈ ಹಾಕಬಾರದು ಎಂಬುದು ಅವರ ನೇಮ. ಅದು ಮುರಿದದ್ದು ಅಲಖನೂರಿನ ಶಾಂತವ್ವನ ಮನೆಯಲ್ಲಿ. ಪಂಚಮಿಗೆ ತವರಿಗೆ ಕರೆಯಲು ಬಂದ ಆಕೆಯ ಅಣ್ಣನ ಮೇಲೆ, ಮಾತಿಗೆ ಮಾತು ಬೆಳೆದು, ಗಂಡ ಕೊಡಲಿ ಬೀಸಿ ಜೇಲು ಸೇರಿದ್ದ. ಮಗ ಮಾರುತಿಗೆ ಶಾಲೆಯ ವಯಸ್ಸಾದರೂ ಬೆನ್ನಿನ ಮೇಲೆ ಜಡೆ. ನಮ್ಮಲ್ಲಿ ಜಾವಳದ ಮೊದಲ ಕೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕು; ಆ ಮಾವ ಕೊಡಲಿ ಏಟಿನ ನಂತರ ತಂಗಿಯ ಮನೆಗೆ ಕಾಲಿಟ್ಟಿರಲಿಲ್ಲ. ‘ಮಾರವ್ವಾ, ಬಾರಬೇ’ ಎಂದು ಹುಡುಗರು ಅಣಕಿಸುವುದಕ್ಕೆ ಅವನು ಶಾಲೆಯನ್ನೇ ಬಿಟ್ಟಿದ್ದ.

‘ಬ್ಯಾರೆ ಯಾರರ ಕುಂಡ್ರಸ್ಕೊಳ್ಳಲಿ’ ಎಂದರು ಅಕ್ಕ.

‘ಅಣ್ಣ ಜೀವಂತ ಇರಾಗ ಹೆಂಗ್ರಿ? ಅವ ಸತ್ತಾಂಗ ಆಗತೈತಿ’ ಎಂದಳು ಶಾಂತವ್ವ.

ಮರುದಿನ ಅಕ್ಕ ನನ್ನನ್ನೂ ಎಬ್ಬಿಸಿಕೊಂಡು ಶಾಂತವ್ವನ ತವರು ಬೇಡಕಿಹಾಳಕ್ಕೆ ಹೊರಟರು. ಆಕೆಯ ಅಣ್ಣ ಬಾಳಪ್ಪ ಕಟ್ಟೆಯ ಮೇಲೆ ಒಂದು ಕಾಲು ಚಾಚಿ ಕೂತಿದ್ದ. ಅವನಿಗೂ ಅದೇ ಮೊದಲ ಪ್ರಶ್ನೆ. ಸಲೀಸಾಗಿ ಮಾತಾಡುತ್ತಿದ್ದವನು ಜಾವಳದ ಸುದ್ದಿ ಬರುತ್ತಲೇ ಧೋತರ ಸರಿಸಿ ಗಾಯದ ಕಲೆ ತೋರಿಸಿದ.

‘ಈ ತೊಡಿ ಮುರದಾವ ಆ ಕೂಸಿನ ಅಪ್ಪರೀ. ಇದರ ಮ್ಯಾಲ ಕುಂಡ್ರಸ್ಕೋ ಅಂತೀರೇನ?’

ಅಕ್ಕ ಹೊತ್ತು ಇಳಿಯುವವರೆಗೆ ಅಲ್ಲೇ ಕೂತು, ‘ಬುಧವಾರ ಜಾವಳ, ದಾರಿ ನೋಡ್ತೀವ್ರಿ’ ಎಂದಷ್ಟೇ ಹೇಳಿ ಎದ್ದರು.

ಬುಧವಾರ ಶಾಂತವ್ವ ಹೋಳಿಗೆ ಮಾಡಿದಳು, ಕ್ಷೌರದವನೂ ಬಂದು ಕೂತ. ಬಾಳಪ್ಪನ ಸುಳಿವಿಲ್ಲ. ಅಂದೇ ಅಕ್ಕ ಕೆಲಸ ಮುಗಿಸಿ ಧಾರವಾಡಕ್ಕೆ ಮರಳುವವರಿದ್ದರು. ಮಧ್ಯಾಹ್ನದ ಬಸ್ಸಿಗೆ ಬಿಡಲು ನಾನು ಹಾರೂಗೇರಿ ಸ್ಟ್ಯಾಂಡಿಗೆ ಹೋದೆ.

‘ಕೈ ಹಾಕಬಾರದಿತ್ತು. ಆಕಿಗೆ ಇಲ್ಲದ ಆಸೆ ಹಚ್ಚಿದೆ’ ಎಂದವರು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ತಿರುಗಿ ನೋಡಲಿಲ್ಲ.

ನಾನು ಅಲಖನೂರಿಗೆ ಮರಳಿದಾಗ ಅಂಗಳದ ಮಣೆಯ ಮೇಲೆ ಬಾಳಪ್ಪ ಕೂತಿದ್ದ. ಗಾಯದ ಕಾಲು ಉದ್ದಕ್ಕೆ ಚಾಚಿತ್ತು, ಇನ್ನೊಂದು ತೊಡೆಯ ಮೇಲೆ ಮಾರುತಿ. ಕತ್ತರಿಸಿದ ಜಡೆ ಶಾಂತವ್ವನ ಸೆರಗಿನಲ್ಲಿತ್ತು.

‘ರಾಯಬಾಗದಾಗ ಬಸ್ ತಪ್ಪಿತ್ರಿ’ ಎಂದ ಬಾಳಪ್ಪ. ‘ಆ ಅಕ್ಕೋರು ಎಲ್ಲೆದಾರ? ಅವರ ಸ್ವಾದರಮಾವ ಯಾರಂತ ಕೇಳಬೇಕಿತ್ತು.’

ನಮ್ಮ ಮನೆಯಲ್ಲಿ ಅಷ್ಟು ದಿನ ಉಂಡು ಮಲಗಿದ್ದವರನ್ನು ನಾವ್ಯಾರೂ ಅದನ್ನು ಕೇಳಿರಲಿಲ್ಲ. ಅಕ್ಕ ಮತ್ತೆ ಈ ಕಡೆ ಬರಲೇ ಇಲ್ಲ.