ಬೆನ್ನ ಹಿಂದಿನ ಕೈಗಳು

ಮೋರಖಂಡಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ತಗಡಿನ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಆಮ್ರಪಾಲಿ ಒಂದು ಕಿರುಬೆರಳು ಹೊಲಿಯುತ್ತಿದ್ದಾಳೆ. ಬಟ್ಟೆಯ ಸಣ್ಣ ಕೊಳವೆ, ಅದರೊಳಗೆ ಚಿಂದಿ ತುರುಕಲು ಮುರಿದ ಛತ್ರಿಯ ಕಡ್ಡಿ. ತುರುಕುತ್ತಾಳೆ, ಹಿಚುಕಿ ನೋಡುತ್ತಾಳೆ, ತಲೆಯಾಡಿಸಿ ಮತ್ತೆ ಬಿಚ್ಚುತ್ತಾಳೆ.

"ಮೂಗು ಒಂದ ದಿನದಾಗ ಬಂತ್ರಿ ಅಣ್ಣ. ಈ ಬೆರಳs ಮಾತು ಕೇಳವಲ್ಲವು," ಅವಳ ಬಗ್ಗೆ ಬರೆಯಲು ಬಂದಿರುವ ನನಗೆ ಅನ್ನುತ್ತಾಳೆ. "ದಪ್ಪ ಆದ್ರ ಉಂಡ ಮನಿ ಹುಡುಗಿ ಆಗ್ತಾಳ. ಸಣ್ಣ ಆದ್ರ ಅಳಾಕತ್ತಂಗ ಕಾಣ್ತಾಳ. ಇಕಿ ಎರಡೂ ಅಲ್ಲ."

ಇಕಿ ಅಂದರೆ ಎದುರಿಗೆ ನಿಂತಿರುವ ಬಟ್ಟೆಯ ಹುಡುಗಿ. ಹತ್ತು ವರ್ಷದ ಮಗುವಿನ ಎತ್ತರ. ಒಳಗೆ ತಂತಿ ಮತ್ತು ಬಿದಿರು ಸೀಳು, ಮೇಲೆ ಬಣ್ಣ ಹೋದ ಸೀರೆಗಳ ತೊಗಲು. ಗದ್ದ ಕೊಂಚ ಮೇಲಕ್ಕಿದೆ. ಎರಡೂ ಕೈ ಬೆನ್ನ ಹಿಂದೆ; ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದೆ. ಹೊಟ್ಟೆಯ ಹತ್ತಿರ ಒಂದು ಗೇಣಿನಷ್ಟು ಹೊಲಿಯದೆ ಬಿಟ್ಟಿದೆ. ದಾರ ಪೋಣಿಸಿದ ಸೂಜಿ ಅಲ್ಲೇ ಜೋತಾಡುತ್ತಿದೆ.

ಆ ಒಂದು ಗೇಣು ಮುಚ್ಚುತ್ತದೋ ಇಲ್ಲವೋ ಅನ್ನುವುದೇ ಇವತ್ತು ಈ ಮನೆಯ ಪ್ರಶ್ನೆ. ಈ ಮನೆಯ ಹೆಂಗಸರು ಕೌದಿ ಹೊಲಿಯುವಾಗ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿ ಚೂರು ಇಡುತ್ತಾರೆ. ಕೌದಿಗೆ ತುತ್ತು ಕೊಡುವುದು ಅನ್ನುತ್ತಾರೆ. ತುತ್ತು ಇಡದ ಕೌದಿಯನ್ನು ಇಲ್ಲಿ ಯಾರೂ ಹೊದೆಯುವುದಿಲ್ಲ. ಬಟ್ಟೆಯ ಹುಡುಗಿಗೆ ತುತ್ತು ಕೊಡಬೇಕಾದವರು ಆಮ್ರಪಾಲಿಯ ಅಜ್ಜಿ ಸುಮನಬಾಯಿ. ಅವರು ಇನ್ನೂ ಹೂಂ ಅಂದಿಲ್ಲ.

"ಅಲ್ಲಿ ಹೋಗಿ ನಾಕ ಮಂದಿ ನಡುವ ನೋಡ್ತೀನಿ," ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಸುಮನಬಾಯಿ ಹೇಳುತ್ತಾರೆ. "ಸರಿ ಕಂಡ್ರ ತುತ್ತು ಇಡ್ತೀನಿ. ಇಲ್ಲಂದ್ರ ಬಗಲಾಗ ಹಿಡಕೊಂಡು ವಾಪಸ್ ತರ್ತೀನಿ. ಆಮ್ಯಾಲ ಅಳಬ್ಯಾಡ ಅಂತ ಹೇಳೀನಿ ಇಕಿಗಿ."

"ಅಳಂಗಿಲ್ಲ ಆಯಿ."

"ಹೌದs, ನೋಡೀನಿ ನಿನ್ನ. ಸೂಜಿ ಚುಚ್ಚಿದ್ರ ಊರ ಎಬ್ಬಸ್ತಿ."

ಆಮ್ರಪಾಲಿ ಹುಮನಾಬಾದಿನ ಚಿತ್ರಕಲಾ ಶಾಲೆಯೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ. ಇವತ್ತು ಅಲ್ಲಿ ಪ್ರದರ್ಶನ. ಇವಳ ಜಾಗ ಖಾಲಿ ಉಳಿದರೆ ಒಂದು ವರ್ಷ ಹೋಯಿತು. ಆದರೂ ಅಜ್ಜಿಗೆ ಮಾತು ಕೊಟ್ಟಿದ್ದಾಳೆ, ನೀ ಬೇಡ ಅಂದರೆ ಇಡುವುದಿಲ್ಲ ಅಂತ. ದಿನಾ ಬೆಳಿಗ್ಗೆ ಶೇರ್ ಆಟೊದಲ್ಲಿ ಬಸವಕಲ್ಯಾಣ, ಅಲ್ಲಿಂದ ಬಸ್ಸು. ಮಧ್ಯಾಹ್ನದವರೆಗೆ ಕ್ಲಾಸು. ಆಮೇಲೆ ಕತ್ತಲಾಗುವವರೆಗೆ ಮಹೆಬೂಬ ಚಾಚಾ ಅವರ ಹೊಲಿಗೆ ಅಂಗಡಿಯಲ್ಲಿ ಯೂನಿಫಾರ್ಮಿನ ಅಂಚು ಮಡಚುವುದು, ಸೀರೆಗೆ ಫಾಲು ಹಚ್ಚುವುದು. ಪೇಟೆಯಲ್ಲಿ ಇವಳನ್ನು ಕಲಾವಿದೆ ಅಂತ ಒಬ್ಬರೂ ಕರೆಯುವುದಿಲ್ಲ. ಫಾಲು ಹಚ್ಚೋ ಹುಡುಗಿ, ಅಷ್ಟೆ. ತಂದೆ ಮಚ್ಚೇಂದ್ರ ಬೇರೆಯವರ ಹೊಲದಲ್ಲಿ ದುಡಿಯುತ್ತಾರೆ. ಅಜ್ಜಿ ಎಪ್ಪತ್ತು ದಾಟಿದರೂ ಕಳೆ ತೆಗೆಯಲು ಹೋಗುತ್ತಾರೆ.

ಎಲ್ಲಾ ಶುರುವಾದದ್ದು ಒಂದು ಬಟ್ಟೆಗಂಟಿನಿಂದ. ಸ್ಟೀಲ್ ಪಾತ್ರೆ ಕೊಟ್ಟು ಮನೆಮನೆಯ ಹಳೆ ಸೀರೆ ಒಯ್ಯುವ ಹೆಂಗಸರು ಅವನ್ನು ಹುಮನಾಬಾದಿನ ಸಂತೆಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಬಟ್ಟೆಯಲ್ಲಿ ಮನುಷ್ಯರನ್ನು ಮಾಡುವ ಹುಚ್ಚು ಹತ್ತಿದ್ದ ಆಮ್ರಪಾಲಿ ಹೋದ ವರ್ಷ ಅಂಥದೊಂದು ಗಂಟು ತಂದು, ಒಗೆದು, ಅಂಗಳದ ತಂತಿಗೆ ಹರವಿದಳು. ಸಂಜೆ ಹೊಲದಿಂದ ಬಂದ ಸುಮನಬಾಯಿ ತಂತಿ ನೋಡಿ ಕೇಳಿದ್ದು ಒಂದೇ ಮಾತು: "ಯಾರ್ ಸತ್ತಾರ?"

ಉತ್ತರಕ್ಕೆ ಕಾಯಲಿಲ್ಲ. ಕೈಯಿಂದ ಮುಟ್ಟಲೂ ಇಲ್ಲ. ಕೋಲಿನಿಂದ ಒಂದೊಂದೇ ಸೀರೆ ಎತ್ತಿ ಅಂಗಳದ ಆಚೆ ಎಸೆದರು. ಅವತ್ತಿನಿಂದ ಮೊಮ್ಮಗಳ ಜೊತೆ ಮಾತು ಬಿಟ್ಟರು. ಆಮ್ರಪಾಲಿಗೆ ತಲೆಬುಡ ತಿಳಿಯಲಿಲ್ಲ. ಈ ಮನೆಯಲ್ಲಿ ಯಾರೂ ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ಉಟ್ಟವರಲ್ಲ. ಅಕ್ಕನ ಲಂಗವೂ ತಂಗಿಗೆ ಬರಲಿಲ್ಲ. ಅಜ್ಜಿಗೆ ಹಟ, ಸೊಕ್ಕು ಅಂತ ಮಕ್ಕಳು ನಗುತ್ತಿದ್ದರು. ಕಾರಣ ಹೇಳಿದವರು ಮಚ್ಚೇಂದ್ರ, ಅದೂ ಆಗಲೇ ಮೊದಲ ಸಲ. ಹೇಳಿ, ಬೀಡಿ ಹಚ್ಚಿಕೊಂಡು ಹೊರಗೆ ಹೋದರಂತೆ.

ಈಗ ಸುಮನಬಾಯಿ ತಾವೇ ಹೇಳುತ್ತಾರೆ. "ತವರೂರ ಹೆಸರ ಬರೀಬ್ಯಾಡಪಾ, ಅಲ್ಲಿ ನನ್ನ ತಮ್ಮನ ಮೊಮ್ಮಕ್ಕಳು ಬಾಳೇವು ಮಾಡಾಕತ್ತಾವ. ದೊಡ್ಡ ಮನ್ಯಾಗ ಯಾರರ ಸತ್ರ ಹೆಣದ ಮ್ಯಾಲಿನ ಅರಿವಿ ನಮ್ಮ ಮುಂದ ಒಗೀತಿದ್ರು. ಅವ್ವ ಅದನ್ನ ಹಳ್ಳದಾಗ ಬಡದು ಬಡದು ಒಗದು ನನಗ ಲಂಗ ಹೊಲೀತಿದ್ಲು. ಉಟ್ಟು ಮಲಗಿದ್ರ ಊದಿನಕಡ್ಡಿ ವಾಸನಿ. ಸತ್ತವರು ಬಂದು ತಮ್ಮ ಅರಿವಿ ಕೇಳ್ತಾರ ಅಂತ ನಿದ್ದಿ ಬರ್ತಿದ್ದಿಲ್ಲ."

ಅದನ್ನು ಊರು 'ನಿಮ್ಮ ಹಕ್ಕು' ಅನ್ನುತ್ತಿತ್ತಂತೆ. ಹಕ್ಕು! ಬಾವಿ ಮುಟ್ಟುವ ಹಕ್ಕಿಲ್ಲ, ಕಟ್ಟೆ ಏರುವ ಹಕ್ಕಿಲ್ಲ, ಹೆಣದ ಮೇಲಿನ ಬಟ್ಟೆಗೆ ಮಾತ್ರ ಹಕ್ಕು. ಇಂಥ ಮಾತು ಕಟ್ಟಿದವರ ನಾಲಗೆ ಎಂಥದಿರಬೇಕು? ಹಿರಿಯರು ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ಮೇಲೆ ಕೇರಿಯವರೆಲ್ಲ ಕೂಡಿ ಇನ್ನು ಆ ಬಟ್ಟೆ ಮುಟ್ಟುವುದಿಲ್ಲ ಅಂತ ಆಣೆ ಮಾಡಿದರು. ಸುಮನಬಾಯಿಗೆ ಆಗ ಹತ್ತರ ಆಸುಪಾಸು. ಸ್ವಲ್ಪ ದಿನಕ್ಕೆ ದೊಡ್ಡ ಮನೆಯಲ್ಲಿ ಒಂದು ಸಾವಾಯಿತು.

"ಅವ್ವ ಅಂದ್ಲು, ಕೈ ಹಿಂದ ಮಾಡು. ಮಾಡಿದೆ. ಅವ್ರು ಒಗದ್ರು, ನನ್ನ ಕಾಲ ಮುಂದ ಬಿತ್ತು. ಚಳಿ ದಿನ. ನನ್ನ ಲಂಗ ಹರದಿತ್ತು. ಆಸಿ ಆತು, ಸುಳ್ಳ ಯಾಕ ಹೇಳ್ಲಿ? ಕೈ ತಾನs ಮುಂದ ಹೊಂಟಿತ್ತು. ಅದಕ್ಕs ಒಂದ ಕೈಲೆ ಇನ್ನೊಂದ ಕೈ ಹಿಡಕೊಂಡು ನಿಂತೆ." ಕೇರಿಯಲ್ಲಿ ಒಬ್ಬರೂ ಬಗ್ಗಲಿಲ್ಲ. ಬಟ್ಟೆ ದಾರಿಯಲ್ಲೇ ಬಿದ್ದಿತ್ತು, ನಾಯಿ ಮಲಗಿತು, ಗಾಡಿ ಹಾಯ್ದವು. ಆಮೇಲೆ ಬಹಳ ದಿನ ಕೇರಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ.

ಇದೆಲ್ಲ ತಿಳಿದ ಮೇಲೆ ಆಮ್ರಪಾಲಿ ಸೂಜಿ ಕೆಳಗಿಟ್ಟಳು. ಬಹಳ ದಿನ ಏನೂ ಮಾಡಲಿಲ್ಲ. ಒಂದು ದಿನ ಸುಮನಬಾಯಿ ತಾವೇ ಟ್ರಂಕು ತೆಗೆದು ತಾವು ಉಟ್ಟ ನಾಲ್ಕು ಹಳೆ ಸೀರೆ ಅವಳ ಮಡಿಲಿಗೆ ಹಾಕಿದರು. "ನಿನ್ನ ಲಗ್ನಕ್ಕ ಕೌದಿ ಹೊಲೀಬೇಕಂತ ಇಟ್ಟಿದ್ದೆ. ನಿನಗ ಗಂಡಗಿಂತ ಗೊಂಬಿ ಹೆಚ್ಚಾಗ್ಯಾವ. ತಗೋ. ಆದ್ರ ಏನ್ ಮಾಡ್ತಿ, ಅದನ್ನ ನಾ ನೋಡಾಕಿ." ಹೊಟ್ಟೆಗೆ ತುರುಕಲು ಮಹೆಬೂಬ ಚಾಚಾ ಕತ್ತರಿಸಿ ಉಳಿದ ಹೊಸ ಚೂರು ಕೊಟ್ಟರು. "ಒಂದೂ ಉಟ್ಟಿದ್ದಲ್ಲ ಬೇಟಿ, ಬೇಕಂದ್ರ ನಿನ್ನ ಆಯಿಗೆ ನಾ ಬಂದು ಹೇಳ್ತೀನಿ," ಅಂದರಂತೆ.

ಕಿರುಬೆರಳು ಮುಗಿಯುವಷ್ಟರಲ್ಲಿ ಬಿಸಿಲು ಬಂದಿದೆ. ಬಸವಕಲ್ಯಾಣದಲ್ಲಿ ಬಸ್ಸು ಹತ್ತುತ್ತೇವೆ. ಕಿಟಕಿ ಪಕ್ಕ ಸುಮನಬಾಯಿ, ನಡುವೆ ಬಟ್ಟೆಯ ಹುಡುಗಿ, ಆಚೆ ಆಮ್ರಪಾಲಿ. ಕಂಡಕ್ಟರ್ ಹುಡುಗಿಯನ್ನು ಮೇಲೆ ಕೆಳಗೆ ನೋಡುತ್ತಾನೆ.

"ಇಕಿ ಟಿಕೆಟ್ ಯಾರ್ ತಗಸ್ತೀರಿ?"

"ಹೆಣ್ಮಕ್ಕಳಿಗೆ ಫ್ರೀ ಅಲ್ಲೇನ್ರಿ?" ಆಮ್ರಪಾಲಿ ಕೇಳುತ್ತಾಳೆ.

"ಹಂಗಾರ ಆಧಾರ್ ತೋರಸ್ರಿ."

"ಅರವತ್ತು ವರ್ಷದ ಹಿಂದಿನ ಹುಡುಗಿ ಆಕಿ," ಸುಮನಬಾಯಿ ತಟ್ಟನೆ ಅನ್ನುತ್ತಾರೆ. "ಆಗ ಆಧಾರ್ ಎಲ್ಲಿತ್ತಪಾ?" ಬಸ್ಸೆಲ್ಲ ನಗುತ್ತದೆ. ರಾಜೇಶ್ವರ ದಾಟುವ ಹೊತ್ತಿಗೆ ಹುಡುಗಿಯ ತಲೆ ಅಜ್ಜಿಯ ಭುಜಕ್ಕೆ ವಾಲಿದೆ. ಅವರು ಸರಿಸುವುದಿಲ್ಲ.

ಹುಮನಾಬಾದಿನ ಸಭಾಂಗಣದಲ್ಲಿ ಹುಡುಗಿಯನ್ನು ನಿಲ್ಲಿಸಿದ ಕೂಡಲೇ ಗುರುನಾಥ ಸರ್ ಬರುತ್ತಾರೆ. ಒಳ್ಳೆಯ ಮೇಷ್ಟ್ರು, ಇವಳಿಗೆ ಬಿದಿರು ಬಾಗಿಸುವುದು ಕಲಿಸಿದವರು. "ಮುಂದ ನೆಲದ ಮ್ಯಾಲ ಒಂದು ಬಿಳಿ ಬಟ್ಟಿ ಒಗಿ ತಂಗಿ. ಇಲ್ಲಂದ್ರ ಮಂದಿಗೆ ತಿಳಿಯಂಗಿಲ್ಲ."

"ಒಗಿಯಂಗಿಲ್ಲ ಸರ್. ಆ ಅರಿವಿ ನಮ್ಮನಿ ಬಿಟ್ಟು ಹೋಗೇದ. ನಾನs ಮತ್ತ ತರ್ಲೇನು?"

ಸರ್ ಮುಂದಿನ ಕೃತಿಯತ್ತ ನಡೆಯುತ್ತಾರೆ. ಆಚೆ ಮೂಲೆಯಲ್ಲಿ ಸುಮನಬಾಯಿ ಕುರ್ಚಿ ತುದಿಯಲ್ಲಿ ಕೂತು ಮಂದಿಯನ್ನು ನೋಡುತ್ತಿದ್ದಾರೆ. ಮಂದಿ ಬರುತ್ತಾರೆ, ಹುಡುಗಿಯ ಪಕ್ಕ ಸೆಲ್ಫಿ ತೆಗೆಯುತ್ತಾರೆ, 'ಕ್ಯೂಟ್' ಅಂದು ಮುಂದೆ ಹೋಗುತ್ತಾರೆ. ಆಮ್ರಪಾಲಿಯ ಮುಖ ಕಪ್ಪಿಡುತ್ತದೆ. ಹೊಟ್ಟೆಯ ಸೂಜಿ ಜೋತಾಡುತ್ತಲೇ ಇದೆ.

ಅಷ್ಟರಲ್ಲಿ ಮೈಕು. ಕಾರ್ಯಕ್ರಮದ ವ್ಯವಸ್ಥಾಪಕರು 'ಈ ಕಲಾಕೃತಿಗೆ ಸ್ಫೂರ್ತಿಯಾದ ಮಾತೆ'ಯನ್ನು ಕರೆಯುತ್ತಾರೆ. ನಮ್ಮಲ್ಲಿ ಯಾರದಾದರೂ ನೋವು ಕಂಡರೆ ಸಾಕು, ಮೊದಲು ಶಾಲು, ಆಮೇಲೆ ಫೋಟೊ. ಸುಮನಬಾಯಿ ಹುಡುಗಿಯ ಪಕ್ಕ ಬಂದು ನಿಲ್ಲುತ್ತಾರೆ. ವ್ಯವಸ್ಥಾಪಕರು ಶಾಲು ಬಿಡಿಸುತ್ತಾರೆ. ಮಡಿಕೆಯಿಂದ ಒಂದು ಒಣ ಚೆಂಡುಹೂವಿನ ಎಸಳು ಉದುರುತ್ತದೆ. ಅಂಚಿಗೆ ಯಾರದೋ ಕುಂಕುಮ.

"ಇದು ಯಾರ ಮೈಮ್ಯಾಲಿಂದ ಬಂತ್ರಿ?" ಸುಮನಬಾಯಿ ಕೇಳುತ್ತಾರೆ.

ಅವರು ನಗುತ್ತಾರೆ. "ಶಾಲು ತಿರಗ್ತಿರ್ತಾವ ಅಮ್ಮಾ. ಹಿಂದಿನ ಕಾರ್ಯಕ್ರಮದ್ದು. ಒಂದs ಸಲ ಹಾಕ್ಯಾರ, ಹೊಸಾದಿದ್ದಂಗ ಅದ."

ಸುಮನಬಾಯಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಎರಡೂ ಕೈ ಬೆನ್ನ ಹಿಂದೆ ಹೋಗುತ್ತವೆ. ಎಡಗೈ ಬಲಗೈಯ ಮಣಿಕಟ್ಟು ಹಿಡಿಯುತ್ತದೆ. ಗದ್ದ ಕೊಂಚ ಮೇಲೆ.

ಶಾಲು ಹಿಡಿದ ಕೈ ಗಾಳಿಯಲ್ಲೇ ನಿಂತಿದೆ. ಜನ ಅಜ್ಜಿಯನ್ನು ನೋಡುತ್ತಾರೆ, ಬಟ್ಟೆಯ ಹುಡುಗಿಯನ್ನು ನೋಡುತ್ತಾರೆ, ಮತ್ತೆ ಅಜ್ಜಿಯನ್ನು. ಸೆಲ್ಫಿಯ ಫೋನುಗಳು ಕೆಳಗಿಳಿಯುತ್ತವೆ. ಬಿಳಿ ಬಟ್ಟೆ ಹಾಸದೆಯೂ ಎಲ್ಲರಿಗೂ ತಿಳಿಯುತ್ತದೆ.

"ಸಿಟ್ಟಿಲ್ರಿ ಸಾಹೇಬ್ರ," ಸುಮನಬಾಯಿ ಹೇಳುತ್ತಾರೆ. "ಹೊಸಾದಿದ್ರ ಹೊದ್ಕೋತಿದ್ದೆ. ಒಬ್ಬರು ಹೊದ್ದು ಬಿಟ್ಟಿದ್ದು ನಮ್ಮನ್ಯಾಗ ನಡ್ಯಂಗಿಲ್ಲ."

ವ್ಯವಸ್ಥಾಪಕರು ಶಾಲು ಮಡಚುತ್ತಾರೆ. ಸುಮನಬಾಯಿ ಹುಡುಗಿಯ ಹಿಂದೆ ಹೋಗಿ ಬಗ್ಗಿ ಅವಳ ಕೈ ನೋಡುತ್ತಾರೆ. ಇಷ್ಟು ದಿನ ಆ ಕಡೆ ಹೋದವರಲ್ಲ.

"ಕಿರಿಬೆರಳ ಸೊಟ್ಟ ಮಾಡಿದಿ."

"ನಿನ್ನದು ಹಂಗs ಅದ ಆಯಿ."

"ಗೊತ್ತದ ಬಿಡು," ಅನ್ನುತ್ತಾ ಸೆರಗಿನ ಗಂಟು ಬಿಚ್ಚುತ್ತಾರೆ. ಬೆಳಿಗ್ಗೆಯ ಜೋಳದ ರೊಟ್ಟಿಯ ಚೂರು. ಹುಡುಗಿಯ ಹೊಟ್ಟೆಯೊಳಗೆ ಕೈ ಹಾಕಿ ಆಳಕ್ಕೆ ಇಡುತ್ತಾರೆ. "ಹೊಲಿ ಇನ್ನ."

ಆಮ್ರಪಾಲಿ ಹೊಲಿಯುತ್ತಾಳೆ. ಅಳುವುದಿಲ್ಲ. ಮುಂದೇನು ಅಂತ ಕೇಳಿದರೆ, "ಪಕ್ಕದಾಗ ಮುತ್ತಜ್ಜಿನ್ನ ನಿಂದರಸಬೇಕ್ರಿ. ಕೈ ಹಿಂದ ಮಾಡು ಅಂದಾಕಿ ಆಕಿ ಅಲ್ಲೇನು?" ಅನ್ನುತ್ತಾಳೆ. ಕೆಳಗಿನ ಚೀಟಿಯಲ್ಲಿ ಶಾಲೆಯವರು 'ಮಾಧ್ಯಮ: ಹಳೆಯ ಬಟ್ಟೆ' ಅಂತ ಅಚ್ಚು ಹಾಕಿದ್ದಾರೆ. ಅದನ್ನು ಹೊಡೆದುಹಾಕಿ ಪೆನ್ನಿನಲ್ಲಿ ಬೇರೆ ಬರೆಯುತ್ತಾಳೆ.

"ಏನ್ ಬರದಿ?" ಓದು ಬಾರದ ಸುಮನಬಾಯಿ ಕೇಳುತ್ತಾರೆ.

"ಸುಮನಬಾಯಿ ದುಡಿದು ಉಟ್ಟ ಸೀರೆಗಳು."

"ಹರದಾವ ಅಂತ ಬರದಿಲ್ಲೇನು?"

"ಇಲ್ಲ ಆಯಿ."

"ಬರಿ. ನಾನs ಉಟ್ಟು ನಾನs ಹರದೀನಿ."