ತುಳಸಾಬಾಯಿ ತೊಳೆದ ಕೆಸರು

ತುಳಸಾಬಾಯಿಯವರ ಕೈಗೆ ಸಿಕ್ಕ ವಸ್ತು ತೊಳೆಸಿಕೊಳ್ಳದೆ ಪಾರಾದದ್ದಿಲ್ಲ. ಬೇಗಂಪೇಟೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರು ಅಟೆಂಡರ್. ಹಗಲೆಲ್ಲ ಕಪ್ಪೆ, ಜಿರಲೆ, ಸ್ಪಿರಿಟ್ಟಿನಲ್ಲಿಟ್ಟ ಹಾವುಗಳ ಸಹವಾಸ. ಸಂಜೆ ಕೂಕಟ್‌ಪಲ್ಲಿಯ ಮನೆಗೆ ಬಂದು, ತಲೆಗೆ ನೀರು ಸುರಿದುಕೊಂಡು, ಮಡಿಯುಟ್ಟ ಮೇಲೆಯೇ ಅಡಿಗೆಮನೆ. ಉಪ್ಪು ಬಿಟ್ಟು ಉಳಿದದ್ದನ್ನೆಲ್ಲ ತೊಳೆಯುತ್ತಾಳೆ ಎಂದು ಗಂಡ ಪ್ರಾಣೇಶರಾಯರು ಕಂಡಕಂಡವರಿಗೆ ಹೇಳುತ್ತಿದ್ದರು. ಉಪ್ಪಿನ ಡಬ್ಬಿ ಮಾತ್ರ ವಾರಕ್ಕೆರಡು ಸಲ ತೊಳೆಸಿಕೊಳ್ಳುತ್ತಿತ್ತು.

ಇಂಥವರು ಬಾಡಿಗೆಗೆ ಹಿಡಿದ ಮನೆ ಎಲ್ಲಿ ಅಂತೀರಿ? ಎಮ್ಮೆಯ ಕೊಟ್ಟಿಗೆಯ ಪಕ್ಕದಲ್ಲಿ! ರಾಯಚೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಬಾಲಾನಗರದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಪ್ರಾಣೇಶರಾಯರು ಹೆಂಡತಿಗಾಗಿ ಮೂರು ಮನೆ ಬದಲಿಸಿದ್ದರು. ಮೂರೂ ಕನ್ನಡಿಯಂಥ ಮನೆಗಳು. ಒಂದರಲ್ಲೂ ಆಕೆಗೆ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ. ನಾಲ್ಕನೆಯದನ್ನು ನೋಡಲು ಹೋದಾಗ ತುಳಸಾಬಾಯಿ ಹೊಸ್ತಿಲು ದಾಟುವ ಮೊದಲೇ "ಇದೇ ಇರ್ಲಿ" ಎಂದುಬಿಟ್ಟರು. ಯಾಕೆಂದು ಕೇಳಿದರೆ, "ನಳ ಛಲೋ ಅದರಿ" ಎಂದರು. ನಳದಲ್ಲಿ ಆಗಲೂ ದಿನ ಬಿಟ್ಟು ದಿನ ನೀರು. ಕೊಟ್ಟಿಗೆಯ ಕಡೆಯ ಕಿಟಕಿಯನ್ನು ಮಾತ್ರ ಭದ್ರವಾಗಿ ಮುಚ್ಚಿದರು. ಹನ್ನೊಂದು ವರ್ಷವಾದರೂ ಅದನ್ನು ತೆಗೆದಿರಲಿಲ್ಲ.

ಎಂಬತ್ತೇಳನೆಯ ಇಸವಿಯಲ್ಲಿ, ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದ ಮಂದಾಕಿನಿ ಎಂಬ ಹುಡುಗಿ ಒರಿಸ್ಸಾದ ಕಡಲತೀರದಿಂದ ಕುದುರೆಲಾಳದ ಏಡಿಯ ನಲವತ್ತು ಮರಿಗಳನ್ನು ತಂದಳು. ಬೆಳೆದ ಮೇಲೆ ಲಾಳಕ್ಕೆ ಬಾಲ ಬಂದಂತೆ ಕಾಣುವ ಪ್ರಾಣಿ. ಆಗಿನ್ನೂ ಅಂಗಿಯ ಗುಂಡಿಯಷ್ಟಿದ್ದವು. ಜೊತೆಗೆ ಕ್ಯಾನುಗಳಲ್ಲಿ ಸಮುದ್ರದ ನೀರು, ಒಂದು ತಗಡಿನ ಡಬ್ಬಿಯಲ್ಲಿ ಮರಿಗಳು ಬೆಳೆಯುವ ದಂಡೆಯ ಕೆಸರು. ಅಷ್ಟುದ್ದದ ಕಡಲತೀರದಲ್ಲಿ ತಾನು ಬೆಳೆಯತಕ್ಕ ಜಾಗ ಇದೇ ಎಂದು ಗುಂಡಿಯಷ್ಟು ಮರಿಗೆ ಹೇಗೆ ಗೊತ್ತಾಗುತ್ತದೆ? ಅದು ಮಂದಾಕಿನಿಯ ಪ್ರಶ್ನೆ. ಉದ್ದನೆಯ ಗಾಜಿನ ತೊಟ್ಟಿಯ ಒಂದು ತುದಿಗೆ ಆ ಕೆಸರು, ಇನ್ನೊಂದು ತುದಿಗೆ ಬರೀ ಮರಳು ಹಾಕಿ, ಮರಿಗಳನ್ನು ನಡುವೆ ಬಿಟ್ಟು ನೋಡಬೇಕೆಂದಿದ್ದಳು. ಮೂರು ವರ್ಷದಿಂದ ಏನಾದರೊಂದು ಕೆಡುತ್ತಲೇ ಬಂದಿತ್ತು. ವಿಭಾಗದ ಮುಖ್ಯಸ್ಥರಾದ ವಾಸುದೇವರಾಯರಿಗೂ ಸಾಕಾಗಿತ್ತು. ಸೋಮವಾರ ನಾಲ್ಕು ಗಂಟೆಗೆ ಬಂದು ನೋಡುತ್ತೇನೆ, ಆಗಲೂ ಏನೂ ಇಲ್ಲದಿದ್ದರೆ ಈ ವಿಷಯವನ್ನೇ ಬಿಡಬೇಕಾಗುತ್ತದೆ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು.

ಶನಿವಾರ ಹೊರಡುವಾಗ ಮಂದಾಕಿನಿ, "ಮೌಶಿ, ತೊಟ್ಟಿ ತಯಾರ ಮಾಡಿ ಇಡ್ರಿ. ಎಲ್ಲಾ ಸ್ವಚ್ಛ ಇರಬೇಕು ನೋಡ್ರಿ" ಎಂದಳು.

ಆ ಮಾತನ್ನು ಬೇರೆ ಯಾರಿಗೆ ಬೇಕಾದರೂ ಹೇಳಬಹುದಿತ್ತು. ತುಳಸಾಬಾಯಿ ಡಬ್ಬಿಯ ಮುಚ್ಚಳ ತೆಗೆದರು. ಕೊಳೆತ ತತ್ತಿಯ ನಾತ ಮೂಗಿಗೆ ಬಡಿಯಿತು. "ರಾಮ ರಾಮಾ! ಇದರಾಗ ಕೂಸುಗಳನ್ನ ಬಿಡ್ತಾರಂತ!" ಎಂದು ಸೆರಗು ಸಿಕ್ಕಿಸಿ ಕೂತರು. ಅಕ್ಕಿ ತೊಳೆದಂತೆ ತೊಳೆದರು, ನೀರು ತಿಳಿಯಾಗುವವರೆಗೆ ತೊಳೆದರು. ಕೆಸರೆಲ್ಲ ಹೋಗಿ ಹೊಳೆಯುವ ಮರಳು ಉಳಿಯಿತು. ಅದನ್ನೇ ತೊಟ್ಟಿಯ ಒಂದು ತುದಿಗೆ, ಬರೀ ಮರಳನ್ನು ಇನ್ನೊಂದು ತುದಿಗೆ ಹಾಕಿ ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಂಡು ಮನೆಗೆ ಹೋದರು.

ಸೋಮವಾರ ಮರಿಗಳು ಅತ್ತ ಹೋದವು, ಇತ್ತ ಬಂದವು, ಗಾಜಿಗೆ ಮೂತಿ ತಾಗಿಸಿ ತಿರುಗಿದವು. ಹನ್ನೊಂದು ಹೊಡೆದರೂ ಒಂದೂ ನೆಲ ಹಿಡಿಯಲಿಲ್ಲ. ಮಂದಾಕಿನಿ ತೊಟ್ಟಿಯ ಮೇಲೆ ಬಾಗಿ ಮೂಸಿದಳು.

"ಮೌಶಿ, ಇದರ ವಾಸನಿ ಎಲ್ಲಿ ಹೋತು?"

"ತೊಳದೆ" ಎಂದರು ತುಳಸಾಬಾಯಿ, ಹೆಮ್ಮೆಯಿಂದ.

"ಕೆಸರು ತೊಳದ್ರಿ?"

"ಮತ್ತ? ನೀನೇ ಎಲ್ಲಾ ಸ್ವಚ್ಛ ಇರಬೇಕಂದಿ."

ಮಂದಾಕಿನಿ ಬೈಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಅಳತೊಡಗಿದಳು. ಒರಿಸ್ಸಾಕ್ಕೆ ಹೋಗಿ ಬರಬೇಕೆಂದರೆ ನಾಲ್ಕು ದಿನ ಬೇಕು. ಇದ್ದದ್ದು ಐದು ತಾಸು. ಆ ಹುಡುಗಿಯ ಮೂರು ವರ್ಷವನ್ನು ತಮ್ಮ ಕೈಯಾರೆ ಮೋರಿಗೆ ಚೆಲ್ಲಿದಂತಾಯಿತಲ್ಲ ಎಂದುಕೊಂಡರು ತುಳಸಾಬಾಯಿ.

ಆದರೆ ಮೋರಿಗೆ ಚೆಲ್ಲಿರಲಿಲ್ಲ! ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಅವರು ಎಂದಾದರೂ ನೀರು ಚೆಲ್ಲಿದ್ದುಂಟೇ? ವರಾಂಡದ ಹೊರಗಿನ ಮೆಟ್ಟಿಲು ತಿಕ್ಕಲು ಬರುತ್ತದೆಂದು, ಮೊದಲು ತೊಳೆದ ನೀರನ್ನು ಬಕೆಟ್ಟಿನಲ್ಲಿ ಎತ್ತಿಟ್ಟಿದ್ದರು.

"ಅಳಬ್ಯಾಡ ಮಂದಾ. ಆ ಹೊಲಸೆಲ್ಲಾ ಇನ್ನೂ ಅದ" ಎಂದು ಬಕೆಟ್ಟನ್ನು ಎಳೆದು ತಂದರು.

ಮಂದಾಕಿನಿ ಮೂಗು ಮುಚ್ಚಲಿಲ್ಲ. ಮುಖ ಬಕೆಟ್ಟಿನೊಳಗೇ ಇಟ್ಟಳು. ಕದಡಿದ್ದು ತಳಕ್ಕಿಳಿದು ಮೇಲೆ ತಿಳಿಯಾಗಿತ್ತು, ನಾತ ಮಾತ್ರ ಇತ್ತು. ಆ ನೀರನ್ನು ಸೋಸಿ, ಉಪ್ಪು ತೂಗಿ ಹಾಕಿ ಸಮುದ್ರದ ನೀರಿನ ಹದಕ್ಕೆ ತಂದು, ಸಣ್ಣ ರಬ್ಬರ್ ನಳಿಕೆಯಿಂದ ತೊಟ್ಟಿಯ ಒಂದು ತುದಿಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ಇನ್ನೊಂದು ತುದಿಗೆ ಅಷ್ಟೇ ಉಪ್ಪು ಹಾಕಿದ ನಳದ ನೀರು.

ಒಂದು ಮರಿ ನಿಂತಿತು. ತಿರುಗಿತು. ಅದರ ಹಿಂದೆ ಎರಡು, ಆಮೇಲೆ ಐದಾರು. ನಾಲ್ಕು ಗಂಟೆಗೆ ವಾಸುದೇವರಾಯರು ಕರವಸ್ತ್ರವನ್ನು ಮೂಗಿಗೆ ಹಿಡಿದು ಒಳಗೆ ಬಂದಾಗ ಮೂವತ್ತೊಂದು ಮರಿಗಳು ಆ ತುದಿಯ ಮರಳಲ್ಲಿ ಹೂತುಕೊಂಡಿದ್ದವು.

ಅವರು ಬಹಳ ಹೊತ್ತು ನೋಡಿದರು. "ಎರಡೂ ಕಡೆ ಬರೀ ಮರಳದ. ಅಂದ್ರ ಅವು ಕೆಸರು ಮೆತ್ತಗದ ಅಂತ ಹೋಗಿಲ್ಲ, ವಾಸನಿಗೇ ಹೋಗ್ಯಾವ. ಮೊದಲಿನ ಪ್ರಯೋಗದಾಗ ಇದು ತಿಳೀತಿರಲಿಲ್ಲ. ಮುಂದುವರಸು ಮಂದಾಕಿನಿ. ಕೆಸರು ತೊಳದು ನೋಡೋ ವಿಚಾರ ಯಾರದು?"

ಮಂದಾಕಿನಿ ಬೆರಳು ತೋರಿಸಿದಳು. ತುಳಸಾಬಾಯಿ ನಾಚಿ, "ವಿಚಾರ ಎಲ್ಲಿದರಿ, ಹೊಲಸಂತ ತೊಳದೆ" ಎಂದರು.

ಎಲ್ಲರೂ ನಕ್ಕರು. ತುಳಸಾಬಾಯಿ ಮಾತ್ರ ತೊಟ್ಟಿಯ ಮುಂದೆಯೇ ನಿಂತಿದ್ದರು. ಅಷ್ಟು ಚಂದದ ಮರಳಿನಲ್ಲಿ ದಿಕ್ಕುಗಾಣದೆ ಸುತ್ತುತ್ತಿದ್ದ ಕೂಸುಗಳು ಈಗ ಎಷ್ಟು ನೆಮ್ಮದಿಯಾಗಿ ಮಲಗಿದ್ದವು! ಅವರಿಗೆ ತಮ್ಮ ಮೂರು ಕನ್ನಡಿಯಂಥ ಮನೆಗಳು ನೆನಪಾದವು. ತವರಿನ ಹಿತ್ತಲಿನಲ್ಲಿ ಕಟ್ಟಿದ್ದ ನಾಲ್ಕು ಎಮ್ಮೆಗಳೂ ನೆನಪಾದವು. ಕಣ್ಣು ತುಂಬಿ ಬಂತು.

ಆ ಸಂಜೆ ಸ್ನಾನ ಮಾಡಿ, ಮಡಿಯುಟ್ಟು, ಅಡಿಗೆಮನೆಗೆ ಹೋಗುವ ಮೊದಲು ಅವರು ಕೊಟ್ಟಿಗೆಯ ಕಡೆಯ ಕಿಟಕಿಯ ಚಿಲಕವನ್ನು ಗುದ್ದಿ ಗುದ್ದಿ ತೆಗೆದರು.

"ಏ, ಏನ ಮಾಡ್ಲಿಕ್ಕತ್ತಿ? ವಾಸನಿ ಬರ್ತದ!" ಎಂದು ಪ್ರಾಣೇಶರಾಯರು ಕೂಗಿದರು.

"ಬರ್ಲಿ ಬಿಡ್ರಿ" ಎಂದರು ತುಳಸಾಬಾಯಿ.